ಅಪ್ಪಾಜಿ ಸಿನಿಮಾ ನೋಡಲ್ಲ, ಆಡಿಟ್ ಮಾಡ್ತಾರೆ

ಮಧ್ಯಮ ವರ್ಗದ ಬದುಕು ತೋರಿಸುವ ಸಿನಿಮಾಗಳನ್ನು ಮಧ್ಯಮ ವರ್ಗದವರ ಜೊತೆ ಕೂತು ಮಾತ್ರ ನೋಡಬಾರದು. ಫೈಟಿಂಗ್ ಸಿನಿಮಾ ಹಾಕಿ, ನಮ್ಮ ಮನೆಯಲ್ಲಿ ಯಾರೂ ತುಟಿ ಬಿಚ್ಚುವುದಿಲ್ಲ. ಹೀರೋ ಒಂದೇ ಏಟಿಗೆ ಹತ್ತು ಜನರನ್ನು ಗಾಳಿಗೆ ತೂರಿದರೂ ಅಪ್ಪಾಜಿ ಸುಮ್ನೆ ಖಾರ ಮಂಡಕ್ಕಿ ಮೆಲ್ಲುತ್ತಿರುತ್ತಾರೆ. ಅದೇ ಒಬ್ಬ ಗುಮಾಸ್ತ ಕೈಚೀಲ ಹಿಡಿದು ಮನೆಯಿಂದ ಹೊರಬಿದ್ದನೋ, ಮುಗೀತು. "ಇವನಿಗೆ ಸಂಬಳ ಎಷ್ಟಂತೆ? ಬಾಡಿಗೆ ಎಷ್ಟು ಕಟ್ತಾನಂತೆ?" ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಲೆಕ್ಕ ಬರೆದು ರಿಟೈರ್ ಆದವರು ಅವರು. ಗಿರಣಿ ಮುಚ್ಚಿತು, ಲೆಕ್ಕ ಮುಚ್ಚಲಿಲ್ಲ.

'ಗಣೇಶನ ಮದುವೆ' ನಮ್ಮ ಮನೆಯಲ್ಲಿ ಎಲ್ಲರಿಗೂ ಇಷ್ಟ. ಫಣಿ ರಾಮಚಂದ್ರ ಅವರ 1990ರ ಸಿನಿಮಾ, ಅನಂತನಾಗ್, ವಿನಯಾ ಪ್ರಸಾದ್. ಒಂದೇ ವಠಾರದಲ್ಲಿ ದಿನಾ ಕಚ್ಚಾಡುವ ಇಬ್ಬರು, ರೇಡಿಯೋ ಹಾಡು ಮತ್ತು ಕಾಗದಗಳ ಮೂಲಕ ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ. ಅವಳೇ ಇವಳು ಅಂತ ಅವನಿಗೆ ಗೊತ್ತಿಲ್ಲ, ಅವನೇ ಇವನು ಅಂತ ಅವಳಿಗೂ ಗೊತ್ತಿಲ್ಲ. ಊರಿಗೆ ಊರೇ ಹೊಟ್ಟೆ ಹಿಡಿದು ನಕ್ಕ ಕತೆ ಇದು. ಅಮ್ಮ ಮಾತ್ರ ಒಪ್ಪಿಲ್ಲ. ಮದುವೆಯಾದ ಹೊಸದರಲ್ಲಿ ಅವರು ಹಳೇ ಊರಿನ ವಠಾರದಲ್ಲಿ ಸಂಸಾರ ಮಾಡಿದವರು. "ವಠಾರದಾಗೆ ಒಬ್ಬರ ಮನೆ ಒಗ್ಗರಣೆಗೆ ಇನ್ನೊಬ್ಬರ ಮನೇಲಿ ಸೀನು ಬರ್ತಿತ್ತು. ಪಕ್ಕದ ಮನೆ ಹುಡುಗಿ ಹಾಡೋ ದನಿ ಇವನಿಗೆ ಗೊತ್ತಾಗ್ಲಿಲ್ವಂತಾ? ಪೋಸ್ಟ್‌ಮ್ಯಾನ್ ಯಾರಿಗೆ ಯಾವ ಕಾಗದ ಕೊಟ್ಟ ಅಂತ ಹೇಳೋಕೆ ನಲ್ಲಿ ಹತ್ರ ಒಬ್ಬಳೂ ಇರ್ಲಿಲ್ವಾ?" ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಸಿನಿಮಾ ಮಾಡಿದವರ ಹತ್ತಿರವೂ ಇರಲಿಕ್ಕಿಲ್ಲ.

ಹಿಂದಿಯದಾದರೂ ಬಿಡುವುದಿಲ್ಲ. ಬಾಸು ಚಟರ್ಜಿ ಅವರ 'ಛೋಟಿ ಸಿ ಬಾತ್' ಹಾಕಿದ್ದೆ. ಅಮೋಲ್ ಪಾಲೇಕರ್ ಪಾಪದವನು, ಬಸ್ ಸ್ಟಾಪಿನ ಹುಡುಗಿಯನ್ನು ಮಾತಾಡಿಸಲೂ ಹೆದರುತ್ತಾನೆ. ಪೈಪೋಟಿಗೆ ನಿಂತವನ ಹತ್ತಿರ ಸ್ಕೂಟರ್ ಇದೆ ಅಂತ ಇವನೊಂದು ಸೆಕೆಂಡ್ ಹ್ಯಾಂಡ್ ಬೈಕ್ ಕೊಳ್ಳುತ್ತಾನೆ. ಅದು ಕೆಟ್ಟು ನಿಲ್ಲುತ್ತದೆ. ನಾವು ನಗಲು ಬಾಯಿ ತೆರೆಯುವಷ್ಟರಲ್ಲಿ ಅಪ್ಪಾಜಿ ಎದ್ದು ನಿಂತಿದ್ದರು. "ಮೆಕ್ಯಾನಿಕ್‌ನ ಜೊತೆಗೆ ಕರ್ಕೊಂಡು ಹೋಗದೆ ಗಾಡಿ ತಗೊಳ್ತಾರೇನೋ? ಆರ್‌ಸಿ ಬುಕ್ ನೋಡಿದ್ನಾ?"

ಅಮ್ಮ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಯಾಕೆಂದರೆ ನಮ್ಮ ಮನೆಯ ಇತಿಹಾಸದಲ್ಲೂ ಒಂದು ಸೆಕೆಂಡ್ ಹ್ಯಾಂಡ್ ಸ್ಕೂಟರ್ ಇದೆ. ಗಿರಣಿಯ ಸ್ನೇಹಿತರೊಬ್ಬರಿಂದ, ಬರೀ ವಿಶ್ವಾಸದ ಮೇಲೆ ಕೊಂಡದ್ದು. ಅದನ್ನು ಒಂದು ಕಡೆ ವಾಲಿಸಿ, ಸ್ವಲ್ಪ ಹೊತ್ತು ಹಾಗೇ ಹಿಡಿದು, ದೇವರ ಹೆಸರು ಹೇಳಿ ಒದ್ದರೆ ಮಾತ್ರ ಸ್ಟಾರ್ಟ್ ಆಗುತ್ತಿತ್ತು. ಒಂದು ಸಂಜೆ ಫಸ್ಟ್ ಶೋಗೆ ಅಂತ ಹೊರಟಿದ್ದೆವು. ಅಮ್ಮ ರೇಷ್ಮೆ ಸೀರೆ ಉಟ್ಟಿದ್ದರು, ನಾನು ಮುಂದೆ ನಿಂತಿದ್ದೆ. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟು ಬಿತ್ತು. ಗೂಡ್ಸ್ ಗಾಡಿ ನಿಧಾನಕ್ಕೆ, ಯಾರದೋ ಮೇಲೆ ಮುನಿಸಿಕೊಂಡಂತೆ ಹೋಯಿತು. ಗೇಟು ಎದ್ದಿತು. ಸ್ಕೂಟರ್ ಏಳಲಿಲ್ಲ. ಹಿಂದೆ ಆಟೋಗಳು, ಸೈಕಲ್‌ಗಳು, ಮಂಡಕ್ಕಿ ಚೀಲ ಹೇರಿಕೊಂಡ ಗಾಡಿ, ಎಲ್ಲರೂ ಹಾರ್ನ್ ಹೊಡೆಯುವವರೇ. ಅಪ್ಪಾಜಿ ಹಳಿಯ ಮೇಲೇ ಸ್ಕೂಟರ್ ವಾಲಿಸಿಕೊಂಡು ನಿಂತರು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದಿನಿಂದ ನೂಕಿದರು. ಸಿನಿಮಾ ಸಿಗಲಿಲ್ಲ, ಮಿರ್ಚಿ ತಿಂದು ಬಂದೆವು. ಸೀರೆಗೆ ಹತ್ತಿದ ಗ್ರೀಸ್ ಕಲೆ ಇವತ್ತಿಗೂ ಇದೆ, ಆಡಿಟ್ ಆಗಿಲ್ಲ ಅಷ್ಟೇ.

ಇನ್ನು ಹೃಷಿಕೇಶ್ ಮುಖರ್ಜಿ ಅವರ 1979ರ 'ಗೋಲ್ ಮಾಲ್'. ಸುಳ್ಳು ಹೇಳಿ ಹಾಕಿ ಮ್ಯಾಚಿಗೆ ಹೋದ ನಾಯಕ ಬಾಸ್ ಕಣ್ಣಿಗೆ ಬೀಳುತ್ತಾನೆ, ಆಮೇಲೆ ಅದು ನನ್ನ ಅವಳಿ ತಮ್ಮ ಅಂತ ಕತೆ ಕಟ್ಟುತ್ತಾನೆ. ಮುಂಬೈನಲ್ಲಿ ನಡೆಯುತ್ತದೆ ಬಿಡಿ. ನನ್ನ ಭಾವಮೈದ ಜ್ವರ ಅಂತ ರಜೆ ಹಾಕಿ ಬೆಣ್ಣೆ ದೋಸೆ ತಿನ್ನಲು ಹೋಗಿದ್ದ. ಎದುರು ಟೇಬಲ್ಲಿನಲ್ಲಿ ಮ್ಯಾನೇಜರ್. ಅವರು ಇವನನ್ನೂ ಇವನ ತಟ್ಟೆಯನ್ನೂ ನೋಡಿ, "ಜ್ವರ ಇದ್ದಾಗ ಬೆಣ್ಣೆ ಜಾಸ್ತಿ ಹಾಕಿಸ್ಕೋಬಾರದಪ್ಪಾ, ಖಾಲಿ ದೋಸೆ ತಗೋ" ಅಂದರಂತೆ. ಅವಳಿ ತಮ್ಮ ಅನ್ನಲು ಸಾಧ್ಯವೇ? ಆ ಮನುಷ್ಯ ಇವನ ನಾಮಕರಣಕ್ಕೆ ಬಂದು ಹೋಳಿಗೆ ಉಂಡು ಹೋದವರು. ತೊಟ್ಟಿಲಲ್ಲಿ ಒಂದೇ ಮಗು ಇತ್ತು ಅಂತ ಚೆನ್ನಾಗಿ ಬಲ್ಲರು. ಸಾಲದ್ದಕ್ಕೆ ದೋಸೆಯ ಬಿಲ್ಲನ್ನೂ ಅವರೇ ಕೊಟ್ಟರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು ಅಂತಾನೆ ಇವನು.

ನನ್ನ ಹೆಂಡತಿಯ ತಕರಾರು ಬೇರೆಯೇ. "ರೀ, ಈ ಸಿನಿಮಾದವರು ನೀರು ಯಾವಾಗ ಹಿಡೀತಾರೆ?" ಬೆಳಗಿನಿಂದ ರಾತ್ರಿವರೆಗೆ ಮನೆ ತೋರಿಸುತ್ತಾರೆ, ನಲ್ಲಿ ಬಂತು ಅಂತ ಯಾರೂ ಓಡುವುದಿಲ್ಲ. ನಮ್ಮಲ್ಲಿ ಕ್ಲೈಮ್ಯಾಕ್ಸಿಗೂ ನಲ್ಲಿಗೂ ಏನೋ ನಂಟಿದೆ. ನಾಯಕಿ ಬಾಗಿಲು ತೆರೆದಳೋ ಇಲ್ಲವೋ, ಬೀದಿಯಲ್ಲಿ "ನೀರು ಬಿಟ್ರು" ಅಂತ ಕೂಗು. ಸಂಪಿನ ಮುಚ್ಚಳ ತೆಗಿ, ಮೋಟರ್ ಹಾಕು, ಕೊಡ ತಾ. ವಾಪಸ್ ಬರುವ ಹೊತ್ತಿಗೆ ಎಲ್ಲರಿಗೂ ಮದುವೆಯಾಗಿ ಗ್ರೂಪ್ ಫೋಟೋ ತೆಗೆಸಿಕೊಳ್ಳುತ್ತಿರುತ್ತಾರೆ.

ಮೊನ್ನೆ ಮಗಳು ಹೊಸದೊಂದು ಸಿನಿಮಾ ಹಾಕಿದಳು. ಅದರಲ್ಲಿ ಅಪ್ಪನೊಬ್ಬ ಮಗನ ಓದಿಗೆ ಅಂತ ಇರುವ ಒಂದೇ ಸೈಟು ಮಾರುತ್ತಾನೆ. ಹಿನ್ನೆಲೆಯಲ್ಲಿ ಪಿಟೀಲು. ಮಗಳ ಕಣ್ಣು ಒದ್ದೆಯಾಗಿತ್ತು. "ನಿಲ್ಸು, ನಿಲ್ಸು" ಅಂದರು ಅಪ್ಪಾಜಿ. "ಎಜುಕೇಶನ್ ಲೋನ್ ಕೇಳಿದ್ನಾ ಇವನು?" ಅಷ್ಟರಲ್ಲಿ ಪಕ್ಕದ ಮನೆ ಅಂಕಲ್ ಪೇಪರ್ ಕೇಳಲು ಬಂದವರು ಅಲ್ಲೇ ಕೂತರು. "ಎಷ್ಟಕ್ಕೆ ಕೊಟ್ಟ? 30-40 ಸೈಟಾ? ಕಾರ್ನರ್ ಇದ್ದಂಗೈತಲ್ಲ!" ಟಿವಿಯಲ್ಲಿ ಆ ಬಡಪಾಯಿ ಸಹಿ ಮಾಡಲು ಪೆನ್ನೆತ್ತಿ ಹಾಗೇ ನಿಂತಿದ್ದ. ಇವರು ಖಾತೆ, ಕಂದಾಯ, ಯಾವ ರಸ್ತೆ ಅಗಲ ಆಗುತ್ತದೆ ಅನ್ನುವ ತನಕ ಹೋದರು. ಎರಡು ಸಲ ಚಹಾ ಆಯಿತು. ಕಾರ್ನರ್ ಸೈಟಾದರೆ ಯಾವ ಕಾರಣಕ್ಕೂ ಮಾರಬಾರದು ಅಂತ ಇಬ್ಬರಿಗೂ ಒಮ್ಮತವಾಯಿತು. ಮಗಳು ರಿಮೋಟಿಗೆ ಕೈ ಹಾಕುವ ಮೊದಲೇ ಅಪ್ಪಾಜಿ ಎದ್ದು ಸ್ವಿಚ್ ಆಫ್ ಮಾಡಿದರು. ಅವನಿಗೆ ಸಹಿ ಹಾಕಲು ಬಿಡಲಿಲ್ಲ.