ಕಾಯಿ ಕೊಯ್ದು ನೋಡದೆ ಹೊಸ ಬಿಗೋನಿಯಾ ಅನ್ನಬೇಡಿ

ಮಳೆ ಹಿಡಿದು ಒಂದು ತಿಂಗಳಾದರೆ ಸಾಕು, ನಮ್ಮ ಕಡೆಯ ಗಿಡದ ವಾಟ್ಸಾಪ್ ಗುಂಪುಗಳಲ್ಲಿ ಈ ಫೋಟೊ ಬಂದೇ ಬರುತ್ತೆ. ಘಟ್ಟಕ್ಕೋ ಅರುಣಾಚಲಕ್ಕೋ ಹೋಗಿಬಂದವರು ಹಾಕಿರ್ತಾರೆ. ಒದ್ದೆ ಬಂಡೆ, ಅದಕ್ಕೆ ಅಂಟಿಕೊಂಡ ಸೊಟ್ಟ ಎಲೆಯ ಬಿಗೋನಿಯಾ ಗಿಡ, ನಾಲ್ಕು ತೆಳು ಗುಲಾಬಿ ಹೂವು. ಕೆಳಗೆ ‘ಸಾರ್, ಹೊಸ ಪ್ರಭೇದ ಇರಬಹುದಾ?’ ಅಂತ ಪ್ರಶ್ನೆ. ಕೇಳೋದು ತಪ್ಪಲ್ಲ. ಆದರೆ ಆ ಒಂದು ಫೋಟೊ ಇಟ್ಟುಕೊಂಡು ಹೌದು ಅನ್ನೋಕೂ ಆಗಲ್ಲ, ಅಲ್ಲ ಅನ್ನೋಕೂ ಆಗಲ್ಲ. ಹೀಗಿದ್ದೂ ಐದು ನಿಮಿಷದಲ್ಲಿ ‘ಖಂಡಿತ ಹೊಸದೇ, ಅಭಿನಂದನೆಗಳು’ ಅಂತ ಹತ್ತು ಕಾಮೆಂಟ್ ಬಿದ್ದಿರುತ್ತೆ.

ಬಿಗೋನಿಯಾ ಕುಲದಲ್ಲಿ ಈಗಾಗಲೇ 2,000ಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರಿಟ್ಟಾಗಿದೆ. ಉಷ್ಣವಲಯದ ಕಾಡುಗಳಿಂದ ಪ್ರತಿವರ್ಷ ಹೊಸ ಹೆಸರು ಸೇರ್ತಾನೇ ಇವೆ. ಒಂದೊಂದು ಕಣಿವೆ, ಒಂದೊಂದು ಝರಿಗೆ ಅದರದ್ದೇ ಪ್ರಭೇದ ಇರೋ ಕುಲ ಇದು, ಹಾಗಾಗಿ ಹೊಸದು ಸಿಗೋ ಸಾಧ್ಯತೆ ನಿಜಕ್ಕೂ ಇದೆ. ಕಷ್ಟ ಏನಪ್ಪಾ ಅಂದ್ರೆ, ಜನ ನೋಡೋದು ಎಲೆಯನ್ನ, ಅದೂ ಎಲೆಯ ಬಣ್ಣವನ್ನ. ಬಿಗೋನಿಯಾದಲ್ಲಿ ಎಲೆ ಬಣ್ಣದಷ್ಟು ಮೋಸ ಮಾಡೋ ಲಕ್ಷಣ ಇನ್ನೊಂದಿಲ್ಲ. ಒಂದೇ ಬಂಡೆ ಮೇಲೆ, ಒಂದೇ ಪ್ರಭೇದದಲ್ಲಿ, ಒಂದು ಗಿಡಕ್ಕೆ ಬೆಳ್ಳಿ ಚುಕ್ಕೆ, ಪಕ್ಕದ್ದಕ್ಕೆ ಬರೀ ಹಸಿರು. ಎಳೇ ಗಿಡದ ಎಲೆ ಒಂದು ಆಕಾರ, ಬಲಿತದ್ದು ಇನ್ನೊಂದು. ಮಲೇಷ್ಯಾದ ಬಿಗೋನಿಯಾ ಪಾವೊನಿನಾ ನೆರಳಲ್ಲಿ ನವಿಲುಗರಿಯ ಹಾಗೆ ನೀಲಿ ಹೊಳೆಯುತ್ತೆ. ಅದು ಬಣ್ಣದ ದ್ರವ್ಯದಿಂದ ಬಂದ ನೀಲಿಯಲ್ಲ. ಎಲೆಯ ಕೆಲವು ಕ್ಲೋರೊಪ್ಲಾಸ್ಟುಗಳ, ಅಂದರೆ ಆಹಾರ ತಯಾರಿಸೋ ಹಸಿರು ಕಣಗಳ, ಒಳಗಿನ ಪದರಗಳು ಒಂದರ ಮೇಲೊಂದು ಲೆಕ್ಕವಾಗಿ ಕೂತು ಬೆಳಕನ್ನ ವಾಪಸ್ ಎಸೆಯೋದರಿಂದ ಬರೋದು ಅಂತ 2016ರಲ್ಲಿ ತೋರಿಸಿದ್ದಾರೆ. ಬಣ್ಣ ನೋಡಿ ಹೆಸರಿಡೋಕೆ ಹೊರಡೋರು ಇದನ್ನ ನೆನಪಲ್ಲಿಟ್ಟುಕೊಂಡರೆ ಒಳ್ಳೇದು.

ಹಾಗಾದರೆ ಏನು ನೋಡಬೇಕು? ಹೂವು, ಅದರಲ್ಲೂ ಹೆಣ್ಣು ಹೂವಿನ ಹಿಂಭಾಗ.

ಒಂದೇ ಗಿಡದಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ ಇರ್ತವೆ. ತುಮಕೂರಿನ ಯಾವುದೇ ನರ್ಸರಿಯಲ್ಲಿ ಸಿಗೋ ಸಾಧಾರಣ ವ್ಯಾಕ್ಸ್ ಬಿಗೋನಿಯಾ ಒಂದು ಕುಂಡ ತನ್ನಿ, ಪಾಠ ಅಲ್ಲೇ ಶುರುವಾಗುತ್ತೆ. ಗಂಡು ಹೂವಿಗೆ ನಾಲ್ಕು ದಳ, ಎರಡು ದೊಡ್ಡವು ಎರಡು ಚಿಕ್ಕವು, ನಡುವೆ ಹಳದಿ ಕೇಸರದ ಗೊಂಚಲು. ಹೆಣ್ಣು ಹೂವಿಗೆ ಐದು ದಳ. ಅದರ ನಡುವೆಯೂ ಹಳದಿ ಕಾಣುತ್ತೆ, ಆದರೆ ಅದು ಸುರುಳಿ ಸುತ್ತಿದ ಶಲಾಕೆಯ ತುದಿ. ಹೆಣ್ಣು ಹೂವಿನಲ್ಲಿ ಪರಾಗವೂ ಇಲ್ಲ, ಮಕರಂದವೂ ಇಲ್ಲ. ಗಂಡು ಹೂವಿನ ವೇಷ ಹಾಕಿ ಜೇನನ್ನ ಏಮಾರಿಸುತ್ತೆ. ದಳದ ಕೆಳಗೆ ಮೂರು ರೆಕ್ಕೆಯ ಹಸಿರು ಭಾಗ ಕಾಣ್ತಲ್ಲ, ಅದೇ ಅಂಡಾಶಯ. ಹೊಸ ಬ್ಲೇಡಿನಿಂದ ಅದನ್ನ ನಟ್ಟನಡುವೆ ಅಡ್ಡಕ್ಕೆ ಕೊಯ್ದು, ಹತ್ತು ಪಟ್ಟು ದೊಡ್ಡದು ಮಾಡೋ ಲೆನ್ಸ್‌ನಲ್ಲಿ ನೋಡಿ. ಒಳಗೆ ಎಷ್ಟು ಕೋಣೆ? ವ್ಯಾಕ್ಸ್ ಬಿಗೋನಿಯಾದಲ್ಲಿ ಮೂರು. ಈಶಾನ್ಯದ ಬಿಗೋನಿಯಾ ರೆಕ್ಸ್‌ನಲ್ಲಿ ಎರಡೇ. ಅದೇ ಕಡೆಯ ರಾಕ್ಸ್‌ಬರ್ಗಿಯಲ್ಲಿ ನಾಲ್ಕು, ಜೊತೆಗೆ ಕಾಯಿಗೆ ರೆಕ್ಕೆಯೇ ಇಲ್ಲ. ಇನ್ನು ಪ್ರತಿ ಕೋಣೆಯೊಳಗೆ ಬೀಜ ಅಂಟಿಕೊಂಡ ದಿಂಡು ಒಂದೇ ಇದೆಯೋ, ಎರಡಾಗಿ ಸೀಳಿದೆಯೋ? ಬ್ಲೇಡಿನ ಈ ಒಂದು ಗೆರೆಯಲ್ಲಿ ಗಿಡ ಯಾವ ಗುಂಪಿಗೆ ಸೇರಿದ್ದು ಅನ್ನೋದು ಮುಕ್ಕಾಲು ಪಾಲು ತೀರ್ಮಾನ ಆಗಿಬಿಡುತ್ತೆ. ಎಷ್ಟೋ ‘ಹೊಸ’ ಗಿಡಗಳು ಇಲ್ಲೇ ಹಳೇ ಗಿಡ ಆಗ್ತವೆ.

ಇಲ್ಲೊಂದು ಎಡವಟ್ಟಿದೆ. ಬಹುಪಾಲು ಬಿಗೋನಿಯಾಗಳಲ್ಲಿ ಗೊಂಚಲಿನ ಗಂಡು ಹೂ ಮೊದಲು ಅರಳಿ ಉದುರುತ್ತೆ, ಹೆಣ್ಣು ಹೂ ಆಮೇಲೆ. ಒಂದೇ ಸಲ ಹೋಗಿ ಬಂದರೆ ಬರೀ ಗಂಡು ಹೂ ಸಿಗುತ್ತೆ, ವಿವರಣೆ ಅರ್ಧಕ್ಕೇ ನಿಲ್ಲುತ್ತೆ. ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ, ಕಾಯಿ ಒಣಗೋ ಹೊತ್ತಿಗೆ ಮತ್ತೊಮ್ಮೆ ಹೋಗಲೇಬೇಕು. ಬೀಜ ನಶ್ಯದ ಪುಡಿಯ ಹಾಗಿರುತ್ತೆ, ರಾಗಿ ಕಾಳು ಅದರ ಮುಂದೆ ಬೆಟ್ಟ. ಒಣ ಕಾಯನ್ನ ಕಾಗದದ ಪೊಟ್ಟಣದಲ್ಲೇ ಹಾಕಿಡಿ, ಪ್ಲಾಸ್ಟಿಕ್ ಕವರಿಗೆ ಹಾಕಿದರೆ ಬೂಷ್ಟು ಹಿಡಿಯುತ್ತೆ.

ಹರ್ಬೇರಿಯಂ ಹಾಳೆ, ಅಂದರೆ ಗಿಡವನ್ನ ಒತ್ತಿ ಒಣಗಿಸಿ ಅಂಟಿಸಿಡೋ ಹಾಳೆಯ ವಿಷಯಕ್ಕೆ ಬರೋಣ. ಡಿಗ್ರಿಯಲ್ಲಿ ತುಂಬೆ, ಉತ್ತರಾಣಿ ಒತ್ತಿ ಅಭ್ಯಾಸ ಇದ್ದವರು ಬಿಗೋನಿಯಾನೂ ಹಾಗೇ ಪೇಪರಿನ ನಡುವೆ ಇಟ್ಟು ಮೇಲೆ ಕಲ್ಲು ಹೇರಿ ಮರೆತುಬಿಡ್ತಾರೆ. ನಾಲ್ಕನೇ ದಿನ ಬಿಚ್ಚಿದರೆ ಎಲೆ ಒಂದು ಕಡೆ, ದಳ ಒಂದು ಕಡೆ, ಕಾಂಡದಲ್ಲಿ ಕಪ್ಪು ಲೋಳೆ. ತಪ್ಪು ಒತ್ತೋ ಕಲ್ಲಿನದಲ್ಲ. ಬಿಗೋನಿಯಾ ನೀರು ತುಂಬಿದ ಗಿಡ, ಒತ್ತಿದ ಮೇಲೂ ಜೀವ ಹಿಡಿದುಕೊಂಡು ಎಲೆ, ಹೂ ಕಳಚುತ್ತೆ. ಅದಕ್ಕೇ ಮೊದಲು ಗಿಡದ ಜೀವಕೋಶ ಸಾಯಬೇಕು. ಕುದಿಯೋ ನೀರಲ್ಲಿ ಕೆಲವೇ ಕ್ಷಣ ಅದ್ದಿ ತೆಗೆಯಿರಿ, ಇಲ್ಲ 70% ಆಲ್ಕೊಹಾಲ್ ಸವರಿ. ದಪ್ಪ ಗೆಡ್ಡೆ, ಕಾಂಡ ಇದ್ದರೆ ಉದ್ದಕ್ಕೆ ಸೀಳಿ. ಹೂವನ್ನ ಬೇರೆಯಾಗಿ ಟಿಶ್ಯೂ ಕಾಗದದ ನಡುವೆ ಇಡಿ, ಪೇಪರ್ ಬದಲಾಯಿಸುವಾಗ ಆ ಟಿಶ್ಯೂ ಮಾತ್ರ ಮುಟ್ಟಬೇಡಿ. ಮೊದಲ ಮೂರು ದಿನ ದಿನಕ್ಕೆ ಎರಡು ಸಲ ಪೇಪರ್ ಬದಲಾಗಲೇಬೇಕು. ಒಂದೆರಡು ಗಂಡು ಹೂ, ಹೆಣ್ಣು ಹೂ, ಎಳೇ ಕಾಯಿಗಳನ್ನ 70% ಆಲ್ಕೊಹಾಲ್ ಇರೋ ಸಣ್ಣ ಶೀಷೆಗೆ ಹಾಕಿ, ಕೇಸರ ಎಣಿಸೋಕೆ ಕೊನೆಗೆ ಇದೇ ಗತಿ. ಡಿಎನ್‌ಎಗೆ ಬೇಕಾದರೆ ಎಳೇ ಎಲೆಯ ಚೂರು, ಅದರ ತೂಕದ ಹತ್ತು ಪಟ್ಟಾದರೂ ತೇವ ಹೀರೋ ಸಿಲಿಕಾ ಜೆಲ್. ಕಡಿಮೆ ಹಾಕಿದರೆ ಎಲೆ ಬೆಂದ ಸೊಪ್ಪಿನ ಹಾಗಾಗಿ ಡಿಎನ್‌ಎ ಹಾಳಾಗುತ್ತೆ.

ಒಣಗಿದ ಗಿಡಕ್ಕೆ ಬಣ್ಣ ಇರಲ್ಲ. ಆದ್ದರಿಂದ ಕಾಡಲ್ಲೇ ಬರೆದುಕೊಳ್ಳಿ: ದಳದ ಬಣ್ಣ, ಎಲೆಯ ಹಿಂಬದಿಯ ಬಣ್ಣ, ಕೂದಲು ಎಲ್ಲಿ ಎಷ್ಟಿದೆ, ಬಂಡೆ ಮೇಲಿತ್ತೋ ಮಣ್ಣಲ್ಲೋ ಮರದ ಮೇಲೋ, ಎತ್ತರ ಎಷ್ಟು ಮೀಟರ್. ಅಳತೆ ಒಂದೇ ಗಿಡದ್ದು ಬೇಡ. ಹತ್ತು ಗಿಡ ಅಳೆದು ಎಲೆತೊಟ್ಟು ಇಷ್ಟರಿಂದ ಇಷ್ಟು ಸೆಂಟಿಮೀಟರ್ ಅಂತ ಬರೆದರೇ ಅದಕ್ಕೊಂದು ಬೆಲೆ.

ಆಮೇಲಿನದು ಬೇಜಾರಿನ ಕೆಲಸ, ಅಸಲಿ ಕೆಲಸವೂ ಅದೇ. ನಿಮ್ಮ ಗಿಡಕ್ಕೆ ಹತ್ತಿರದ ಪ್ರಭೇದಗಳು ಯಾವುವು, ಅವುಗಳ ಟೈಪ್ ಮಾದರಿ (ಆ ಹೆಸರಿಗೆ ಆಧಾರವಾಗಿಟ್ಟ ಮೂಲ ಮಾದರಿ) ಹೇಗಿದೆ ಅಂತ ಒಂದೊಂದಾಗಿ ಹೋಲಿಸಬೇಕು. ನಮ್ಮ ದೇಶದ ಬಿಗೋನಿಯಾಗಳನ್ನ ಬ್ರಿಟಿಷ್ ಸಸ್ಯವಿಜ್ಞಾನಿ ಕ್ಲಾರ್ಕ್ 1879ರಲ್ಲೇ ಒಟ್ಟುಗೂಡಿಸಿ ಬರೆದಿದ್ದಾರೆ. ಬಿಗೋನಿಯಾ ಮಲಬಾರಿಕಾ ಹೆಸರು 1785ರದ್ದು, ಎರಡೇ ದಳದ ಡೈಪೆಟಾಲಾ 1828ರದ್ದು. ಇನ್ನೂರು ವರ್ಷದ ಹಿಂದೆ ಯಾರೋ ಇಟ್ಟ ಹೆಸರು ಸಿಕ್ಕಿದರೆ ಅದೇ ಊರ್ಜಿತ, ನಿಮ್ಮದು ಕಸದಬುಟ್ಟಿಗೆ. ಹಳೇ ಟೈಪ್ ಹಾಳೆಗಳು ಬಹಳಷ್ಟು ಬ್ರಿಟನ್ನಿನ ಕ್ಯೂ, ಎಡಿನ್‌ಬರೊ ಸಸ್ಯೋದ್ಯಾನಗಳಲ್ಲಿ, ಕೋಲ್ಕತ್ತಾದಲ್ಲಿವೆ. ಹೆಚ್ಚಿನವುಗಳ ಚಿತ್ರ ಈಗ ಆನ್‌ಲೈನಲ್ಲೇ ಸಿಗುತ್ತೆ. ನಮಗೆ ಹತ್ತಿರದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂ ಇದೆ. ತುಮಕೂರಿಂದ ಬೆಳಗಿನ ರೈಲು ಹತ್ತಿದರೆ ಸಂಜೆಗೆ ವಾಪಸ್.

ಫೋಟೊ ಸಾಲದಾ ಅಂತ ಕೇಳೋರಿಗೆ ಗಿಡಗಳಿಗೆ ಹೆಸರಿಡೋ ಅಂತರರಾಷ್ಟ್ರೀಯ ನಿಯಮವೇ ಉತ್ತರ ಹೇಳುತ್ತೆ. 2007ರ ಜನವರಿ 1ರಿಂದ ಹೂಬಿಡುವ ಗಿಡಕ್ಕೆ ಚಿತ್ರ ಟೈಪ್ ಆಗೋದಿಲ್ಲ, ಕೆಡದಂತೆ ಕಾಪಾಡಿಟ್ಟ ಗಿಡದ ಮಾದರಿಯೇ ಬೇಕು, ಅದನ್ನ ಯಾವ ಹರ್ಬೇರಿಯಂನಲ್ಲಿ ಇಟ್ಟಿದೆ ಅಂತಲೂ ಬರೆದಿರಬೇಕು. 2012ರಿಂದ ಲ್ಯಾಟಿನ್ ಕಡ್ಡಾಯ ಇಲ್ಲ, ಇಂಗ್ಲಿಷ್ ವಿವರಣೆ ನಡೆಯುತ್ತೆ. ನಮ್ಮ ಜೀವವೈವಿಧ್ಯ ಕಾಯ್ದೆ 2002ರ 39ನೇ ಕಲಮು ಹೊಸ ಪ್ರಭೇದ ಕಂಡುಹಿಡಿದವರು ಗೊತ್ತುಪಡಿಸಿದ ಸಂಸ್ಥೆಗೆ ತಿಳಿಸಿ ಮಾದರಿ ಒಪ್ಪಿಸಬೇಕು ಅನ್ನುತ್ತೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಮೀಸಲು ಕಾಡಲ್ಲಿ ಗಿಡ ಕಿತ್ತು ತಂದು, ಆಮೇಲೆ ಪ್ರಬಂಧ ಬರೀತೀನಿ ಅಂದರೆ ಆಗೋದಿಲ್ಲ.

ಇನ್ನೊಂದು ಚಾಳಿ ಬಗ್ಗೆ ಹೇಳಲೇಬೇಕು. ಒಂದೇ ಕಡೆ ಒಂದೇ ದಿನ ನೋಡಿ, ಪ್ರಬಂಧದ ಕೊನೆಗೆ ‘ತೀವ್ರ ಅಪಾಯದಂಚಿನ ಪ್ರಭೇದ’ ಅಂತ ಸೇರಿಸಿಬಿಡೋದು. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಯ (ಐಯುಸಿಎನ್) ವರ್ಗ ಅದು, ಅದಕ್ಕೆ ಲೆಕ್ಕ ಇದೆ. ಅದರಲ್ಲೊಂದು ಅಳತೆ, ಬಲಿತ ಗಿಡ 50ಕ್ಕಿಂತ ಕಡಿಮೆ ಇರೋದು. ಅಕ್ಕಪಕ್ಕದ ಮೂರು ಝರಿ ಹುಡುಕದೆ 40 ಗಿಡ ಎಣಿಸಿ ಬಂದರೆ ಅದು ಗಣತಿ ಅಲ್ಲ. ‘ಮಾಹಿತಿ ಸಾಲದು’ ಅನ್ನೋ ವರ್ಗವೂ ಇದೆ, ಅದನ್ನ ಬರೆಯೋದು ಅವಮಾನ ಏನಲ್ಲ.

ನಿಜವಾಗಿ ಹೊಸದೇ ಆದರೆ ಜಿಪಿಎಸ್ ಗುರುತು ಫೇಸ್‌ಬುಕ್ಕಿಗೆ ಹಾಕಬೇಡಿ. ಜಿಲ್ಲೆಯ ಹೆಸರು ಸಾಕು. ಚೆಂದದ ಎಲೆಯ ಕಾಡು ಬಿಗೋನಿಯಾಕ್ಕೆ ದುಡ್ಡು ಕೊಡೋರಿದ್ದಾರೆ, ಒಂದು ಬಂಡೆ ಬೋಳಾಗೋಕೆ ಒಂದು ಚೀಲ ಸಾಕು. ಬೆಳೆಸಿ ನೋಡಬೇಕು ಅಂದರೆ, ಅನುಮತಿ ಇದ್ದರೆ ಒಂದು ಎಲೆ ತನ್ನಿ, ಬೇರು ಬೇಡ. ಎರಡು ಸೆಂಟಿಮೀಟರ್ ತೊಟ್ಟು ಉಳಿಸಿ, ಹಿಂಬದಿಯ ದಪ್ಪ ನರಗಳಿಗೆ ಅಲ್ಲಲ್ಲಿ ಗಾಯ ಮಾಡಿ, ಕೋಕೋಪೀಟ್ ಮತ್ತು ದಪ್ಪ ಮರಳು ಸಮ ಬೆರೆಸಿ ಅದರ ಮೇಲೆ ಬೋರಲಾಗದಂತೆ ಮಲಗಿಸಿ, ಮುಚ್ಚಳ ಇರೋ ಪಾರದರ್ಶಕ ಡಬ್ಬಿಯಲ್ಲಿಡಿ. ಎಷ್ಟೋ ಜಾತಿಗಳಲ್ಲಿ ಒಂದೂವರೆ ತಿಂಗಳೊಳಗೆ ನರದ ಗಾಯದಿಂದಲೇ ಮರಿ ಏಳುತ್ತೆ. ಗಾಳಿ ಆಡದಿದ್ದರೆ ಚಿಕ್ಕಬಳ್ಳಾಪುರದ ದ್ರಾಕ್ಷಿ ಬೆಳೆಗಾರರಿಗೆ ಚೆನ್ನಾಗಿ ಗೊತ್ತಿರೋ ಆ ಬೂದಿ ರೋಗದಂಥದ್ದೇ ಇದಕ್ಕೂ ಹತ್ತುತ್ತೆ, ದಿನಕ್ಕೊಮ್ಮೆ ಹತ್ತು ನಿಮಿಷ ಮುಚ್ಚಳ ತೆಗೆದಿಡಿ. ಕೋಲಾರದ ಕಡೆಯವರು ಬೋರ್‌ವೆಲ್ ನೀರು ಮಾತ್ರ ಹಾಕಬೇಡಿ. ಕುಂಡದ ಅಂಚಲ್ಲಿ ಬಿಳಿ ಉಪ್ಪು ಕಟ್ಟುತ್ತಲ್ಲ, ಎಲೆಯ ಅಂಚು ಸುಡೋದೂ ಅದರಿಂದಲೇ. ಚಾವಣಿಯ ಮಳೆನೀರು ಎರಡು ಕೊಡ ಹಿಡಿದಿಟ್ಟರೆ ಒಂದು ಡಬ್ಬಿಗೆ ವರ್ಷಕ್ಕಾಗುತ್ತೆ.