ಕಟ್ಟಡ ಪಾಸಾಗಿದೆ

ನಮ್ಮ ಕ್ಯಾಂಪಸ್ಸಿನ ಹೊಸ ವಿದ್ಯಾರ್ಥಿ ಕೇಂದ್ರದ ಉದ್ಘಾಟನೆಯ ಚಿತ್ರಗಳನ್ನು ಎಲ್ಲರೂ ನೋಡಿರುವುದರಿಂದ ಅದರ ಚೆಲುವನ್ನು ಮತ್ತೆ ಬಣ್ಣಿಸಬೇಕಿಲ್ಲ. ನಾಲ್ಕೂ ಕಡೆ ಗಾಜು. ನಡುವೆ, ಕುಳಿತು ಹರಟುವುದಕ್ಕೆಂದೇ ಮಾಡಿದ ಅಗಲವಾದ ಮರದ ಮೆಟ್ಟಿಲುಗಳು. ಬೆನ್ನಿಗೆ ಆಸರೆಯಿಲ್ಲದ, ಹತ್ತಿರದಲ್ಲೊಂದು ಪ್ಲಗ್ ಕೂಡ ಇಲ್ಲದ ಆ ಮೆಟ್ಟಿಲುಗಳ ಮೇಲೆ ಇದುವರೆಗೆ ನಗುನಗುತ್ತ ಕುಳಿತವರೆಂದರೆ ಪ್ರವೇಶಾತಿ ಕೈಪಿಡಿಯ ಮುಖಪುಟಕ್ಕೆ ಪೋಸು ಕೊಟ್ಟವರು ಮಾತ್ರ.

ಕಟ್ಟಡಕ್ಕೆ ಲೀಡ್ ಪ್ಲಾಟಿನಂ, ಅಂದರೆ ಪರಿಸರಸ್ನೇಹಿ ಕಟ್ಟಡಗಳಿಗೆ ಅಂಕ ಹಾಕುವ ಲೀಡ್ ಪದ್ಧತಿಯ ಅತ್ಯುನ್ನತ ದರ್ಜೆಯ ಹಸಿರು ಪ್ರಮಾಣಪತ್ರವೂ ಬಂದಿದೆಯಂತೆ. 110ಕ್ಕೆ 80 ಅಂಕ ಬಂದರೆ ಅದು ಸಿಗುತ್ತದೆ. ನೀರು ಉಳಿಸಿದರೆ ಅಂಕ, ವಿದ್ಯುತ್ ಉಳಿಸಿದರೆ ಅಂಕ, ಸೈಕಲ್ಲಿಗೆ ಜಾಗ ಕೊಟ್ಟರೂ ಅಂಕ. ಒಳಗೆ ಬಂದ ಹುಡುಗಿಗೆ ಕುರ್ಚಿ ಸಿಕ್ಕಿತೇ ಎಂಬ ಪ್ರಶ್ನೆ ಮಾತ್ರ ಪಠ್ಯಕ್ರಮದಲ್ಲಿಲ್ಲ.

ಷಿಕಾಗೋದ ಇಲಿನಾಯ್ ತಂತ್ರಜ್ಞಾನ ಸಂಸ್ಥೆಯಲ್ಲಿ 2003ರಲ್ಲಿ ತೆರೆದ ಇಂಥದೇ ಕೇಂದ್ರಕ್ಕೆ ನಕ್ಷೆ ಬರೆದ ರೆಮ್ ಕೂಲ್ಹಾಸ್, ವಿದ್ಯಾರ್ಥಿಗಳು ಆ ನಿವೇಶನವನ್ನು ಅಡ್ಡ ಹಾಯ್ದು ಓಡಾಡುತ್ತಿದ್ದ ಕಾಲುದಾರಿಗಳನ್ನೇ ಒಳಗಿನ ಹಾದಿಗಳನ್ನಾಗಿ ಮಾಡಿದರು. ನೆತ್ತಿಯ ಮೇಲೆ ಓಡುವ ರೈಲಿನ ಸದ್ದಡಗಿಸಲು ಹಳಿಯ ಸುತ್ತ ಉಕ್ಕಿನ ಕೊಳವೆ ಕಟ್ಟಿಸಿದರು. (ಉದ್ಘಾಟನಾ ಭಾಷಣಗಳಿಗೂ ಅಂಥದೊಂದು ಕೊಳವೆಯನ್ನು ಯಾರಾದರೂ ಯೋಚಿಸಬಾರದೇ?) ಇಲ್ಲಿಯಾದರೋ ಕಾಲುದಾರಿಗೆ ಬೇಲಿ ಬಿದ್ದು, ‘ಹುಲ್ಲಿನ ಮೇಲೆ ನಡೆಯಬೇಡಿ’ ಎಂಬ ಫಲಕ ಎದ್ದಿದೆ.

ಚರ್ಚಾ ಕೊಠಡಿ ಬೇಕಾದವರು ವಾರ ಮುಂಚೆ ಅರ್ಜಿ ಸಲ್ಲಿಸಿ, ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿ, ಏನನ್ನು ಚರ್ಚಿಸಲಿದ್ದೇವೆ ಎಂಬುದನ್ನೂ ನಮೂದಿಸಬೇಕು. ಇದನ್ನು ಹೊಸ ಅವಿವೇಕವೆಂದು ಜರಿಯುವುದು ತಪ್ಪಾದೀತು. ವಿದ್ಯಾರ್ಥಿಗಳ ಚರ್ಚಾಕೂಟವಾಗಿ 1815ರಲ್ಲಿ ಆರಂಭವಾದ ಕೇಂಬ್ರಿಜ್ ಯೂನಿಯನ್ನಿನ ಚರ್ಚೆಗಳನ್ನು ಎರಡೇ ವರ್ಷದಲ್ಲಿ ಅಲ್ಲಿನ ಕುಲಪತಿಗಳು ನಿಲ್ಲಿಸಿದ್ದರು. ನಮ್ಮವರು ಪರಂಪರೆಯನ್ನು ಪಾಲಿಸುತ್ತಿದ್ದಾರೆ, ಅಷ್ಟೆ.

ಎರಡನೆಯ ಮಹಡಿಯ ‘ಯೋಗಕ್ಷೇಮ ಕೊಠಡಿ’ಯಲ್ಲಿ ಆರು ಬಣ್ಣದ ಬೀನ್‌ಬ್ಯಾಗುಗಳಿವೆ, ಗೋಡೆಯ ಮೇಲೆ ಹುಲ್ಲು ಬೆಳೆಸಿದ್ದಾರೆ. ಆಪ್ತ ಸಮಾಲೋಚಕರ ಹುದ್ದೆ ಖಾಲಿ ಇದೆ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬಾರದೆ ನಡುಗುವ ಹುಡುಗನಿಗೆ ಬೇಕಾದದ್ದು ಮಾತು ಕೇಳಿಸಿಕೊಳ್ಳುವ ಒಬ್ಬ ಮನುಷ್ಯ. ಗೋಡೆಯ ಹುಲ್ಲಿಗೆ ದಿನವೂ ನೀರು ಹಾಕಲು ಗುತ್ತಿಗೆ ಕೊಡಬಲ್ಲವರಿಗೆ ಒಬ್ಬರ ಸಂಬಳಕ್ಕೆ ಹಣವಿಲ್ಲವೆಂದರೆ ನಗುವುದಕ್ಕೂ ಬೇಸರವಾಗುತ್ತದೆ.

ಕಟ್ಟಡದ ಶುಲ್ಕವನ್ನು ಮೊದಲು ತೆತ್ತ ತಂಡ ಅದರ ಬಾಗಿಲು ತೆರೆಯುವ ಮೊದಲೇ ಪದವಿ ಪಡೆದು ಹೊರಟುಹೋಯಿತು. ಒಳಗೆ ಬರಬೇಕೆಂದರೆ ಅವರೀಗ ಸಂದರ್ಶಕರ ಪುಸ್ತಕದಲ್ಲಿ ಹೆಸರು ಬರೆದು, ಭೇಟಿಯ ಉದ್ದೇಶ ತಿಳಿಸಬೇಕು.