ಬಿಂಬುಳಿಗೊಬ್ಬ ಉದ್ಘಾಟಕರು

ಕಾಸರಗೋಡು ಜಿಲ್ಲೆಯಲ್ಲಿ ಉದ್ಘಾಟನೆ ಆಗದೆ ಬಾಕಿ ಉಳಿದದ್ದು ಒಂದೇ ಇತ್ತು, ಕಕ್ಕಸು ತೊಳೆಯುವ ನೀರು. ಮೊನ್ನೆ ಅದೂ ಆಯಿತು. ಯಾವ ಪಂಚಾಯತು ಅಂತ ಕೇಳಬೇಡಿ. ಹೇಳಿದರೆ ಉಳಿದ ಪಂಚಾಯತುಗಳಿಗೆ ಬೇಜಾರಾಗುತ್ತದೆ. ನಮ್ಮಲ್ಲೂ ಆಗಿದೆಯಲ್ಲ, ನಮ್ಮ ಹೆಸರು ಯಾಕೆ ಹಾಕಲಿಲ್ಲ ಅಂತ ಜಗಳಕ್ಕೆ ಬರುತ್ತಾರೆ.

ಕಾರ್ಯಕ್ರಮ ಏನೆಂದರೆ, ಬಚ್ಚಲು ಕಕ್ಕಸು ತೊಳೆಯುವ ನೈಸರ್ಗಿಕ ದ್ರಾವಣವನ್ನು ಮನೆಯಲ್ಲೇ ಮಾಡುವ ತರಬೇತಿ. ನೋಟೀಸು ಮಲಯಾಳದಲ್ಲಿ ಬಂತು. ಕನ್ನಡದ್ದು ಎಲ್ಲಿ ಅಂತ ಕೇಳಿದ್ದಕ್ಕೆ "ಬರ್ತದೆ" ಅಂದರು. ಸುಳ್ಳು ಹೇಳಬಾರದು, ಬಂತು. ಕಾರ್ಯಕ್ರಮ ಮುಗಿದ ಮರುವಾರ.

ವೇದಿಕೆಯ ಹಿಂದೆ ದೊಡ್ಡ ಬ್ಯಾನರ್. ಕೇರಳದಲ್ಲಿ 2019ರಿಂದ ಪಿವಿಸಿ ಫ್ಲೆಕ್ಸ್ ಹಾಕುವ ಹಾಗಿಲ್ಲ, ಆದ್ದರಿಂದ ಇದು ಬಟ್ಟೆಯದ್ದು. ಮುಖಗಳು ಮಾತ್ರ ಫ್ಲೆಕ್ಸಿನ ಕಾಲದವೇ. ಅಷ್ಟು ಜನ ದೊಡ್ಡವರು ಸಾಲಾಗಿ ನಗುತ್ತಾ ನಿಂತಿದ್ದರು, ಮೂಲೆಯಲ್ಲಿ ಒಂದು ಪುಟ್ಟ ಕಮೋಡಿನ ಚಿತ್ರ. ಒಮ್ಮೆ ಬಳಸಿ ಬಿಸಾಡುವ ಲೋಟ ಬೇಡ ಅನ್ನುವ ಗ್ರೀನ್ ಪ್ರೋಟೋಕಾಲ್ ಪ್ರಕಾರ ನೀರು ಸ್ಟೀಲ್ ಲೋಟದಲ್ಲಿ. ಆ ಲೋಟ ಯಾವುದರಲ್ಲಿ ತೊಳೆದರು ಅಂತ ಕೇಳಿ ಸಭೆಯ ಗಾಂಭೀರ್ಯ ಕೆಡಿಸುವುದು ಬೇಡ ಅಂತ ಸುಮ್ಮನಿದ್ದೆ.

ದೀಪ ಬೆಳಗುವ ಬದಲು ಉದ್ಘಾಟಕರು ಒಂದು ಗಾಜಿನ ಪಾತ್ರೆಯಲ್ಲಿದ್ದ ಅಡುಗೆ ಸೋಡಾಕ್ಕೆ ವಿನೆಗರ್ ಸುರಿದರು. ಬುಸ್ಸೆಂದು ನೊರೆ ಬಂತು. ಚಪ್ಪಾಳೆ! ಫೋಟೋದವನಿಗೆ ಸಿಗಲಿಲ್ಲ ಅಂತ ಇನ್ನೊಮ್ಮೆ ಸುರಿದರು. ಮತ್ತೆ ಬುಸ್ಸು, ಮತ್ತೆ ಚಪ್ಪಾಳೆ.

ಆ ನೊರೆ ಅಂದರೆ ಎಂತದು? ಶರಬತ್ತಿನಂಗಡಿಯ ಸೋಡಾ ಬಾಟ್ಲಿಯಲ್ಲಿ ಇರುವ ಅದೇ ಕಾರ್ಬನ್ ಡೈ ಆಕ್ಸೈಡ್. ಹುಳಿಯೂ ಕ್ಷಾರವೂ ಒಂದನ್ನೊಂದು ತಿಂದು ಮುಗಿಸಿದ ಮೇಲೆ ಪಾತ್ರೆಯಲ್ಲಿ ಉಳಿಯುವುದು ಸೋಡಿಯಂ ಅಸಿಟೇಟ್ ಅನ್ನುವ ಉಪ್ಪು ಕರಗಿದ ನೀರು. ಬೇರೆ ಬೇರೆ ಹಾಕಿದರೆ ಎರಡೂ ಕೆಲಸದವು. ವಿನೆಗರ್ ನಲ್ಲಿಯ ಬುಡದ ಬಿಳಿ ಸುಣ್ಣದ ಕಲೆ ಬಿಡಿಸುತ್ತದೆ. ಸೋಡಾ ಹಾಕಿ ತಿಕ್ಕಿದರೆ ಬೇಸಿನ್ನಿನ ಜಿಡ್ಡು ಹೋಗುತ್ತದೆ. ಒಟ್ಟಿಗೆ ಸೇರಿಸಿ ಬಾಟ್ಲಿಗೆ ತುಂಬಿದಿರೋ, ಸಮ್ಮಿಶ್ರ ಸರ್ಕಾರದ ಹಾಗೆ: ಪ್ರಮಾಣವಚನದ ದಿನ ಮಾತ್ರ ಸದ್ದು.

ವೇದಿಕೆ ಖಾಲಿಯಾದ ಮೇಲೆ ನಾನು ಆ ವಿನೆಗರ್ ಬಾಟ್ಲಿಯನ್ನು ಕೈಗೆ ತೆಗೆದುಕೊಂಡು ನೋಡಿದೆ. ಮುಂದುಗಡೆ ದಪ್ಪ ಅಕ್ಷರದಲ್ಲಿ 'ಸಿಂಥೆಟಿಕ್ ವಿನೆಗರ್'. ಅದರ ಕೆಳಗೆ, ಅಸಿಟಿಕ್ ಆಸಿಡ್‌ನಿಂದ ತಯಾರಿಸಿದ್ದು. ಯಾರನ್ನೂ ಮೋಸ ಮಾಡಿಲ್ಲ ಪಾಪ, ಹಾಗೆ ಬರೆಯಲೇಬೇಕು ಅಂತ ಕಾನೂನಿದೆ. ಫ್ಯಾಕ್ಟರಿಯ ಆಸಿಡ್‌ಗೆ ನೀರು ಸೇರಿಸಿದ್ದು. ಅಡುಗೆ ಸೋಡಾವೂ ಯಾವ ಮರದಿಂದ ಉದುರಿದ್ದಲ್ಲ, ಉಪ್ಪು, ಸುಣ್ಣದ ಕಲ್ಲು, ಅಮೋನಿಯ ಸೇರಿಸಿ ಕಾರ್ಖಾನೆಯಲ್ಲಿ ಮಾಡುವಂಥದ್ದು. ಇರಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಎರಡು ಕಾರ್ಖಾನೆಯ ಮಾಲು ಕೂಡಿಸಿ, ಮೇಲೆ ಎರಡು ಹನಿ ಲ್ಯಾವೆಂಡರ್ ಎಣ್ಣೆ ಬಿಟ್ಟ ಕೂಡಲೇ ಅದು 'ಪ್ರಕೃತಿಯ ಮಡಿಲಿಗೆ ಮರಳುವುದು' ಹೇಗಾಯಿತು? ವಿನೆಗರಿನ ಬಾಟ್ಲಿ, ಸೋಡಾದ ಪ್ಯಾಕೆಟ್, ಸ್ಪ್ರೇ ಬಾಟ್ಲಿ, ಎಣ್ಣೆಯ ಶೀಶೆ ಎಲ್ಲ ಖಾಲಿಯಾದ ಮೇಲೆ ಹೋಗುವುದು ಮನೆಮನೆಯಿಂದ ಪ್ಲಾಸ್ಟಿಕ್ ಕಸ ಒಯ್ಯುವ ಹರಿತ ಕರ್ಮ ಸೇನೆಯ ಅಕ್ಕಂದಿರ ಚೀಲಕ್ಕೆ. ಅದಕ್ಕೆ ತಿಂಗಳಿಗೆ 50 ರೂಪಾಯಿ ಬೇರೆ.

ಎರಡನೇ ಪಾಠ ಬಯೋ ಎಂಜೈಮ್. ಒಂದು ಪಾಲು ಬೆಲ್ಲ, ಮೂರು ಪಾಲು ನಿಂಬೆ ಕಿತ್ತಳೆ ಸಿಪ್ಪೆ, ಹತ್ತು ಪಾಲು ನೀರು. ಬಾಟ್ಲಿಗೆ ಹಾಕಿ ಮೂರು ತಿಂಗಳು ಕೊಳೆಯಲು ಬಿಡಬೇಕು. ಮೊದಲ ತಿಂಗಳು ದಿನಾ ಮುಚ್ಚಳ ತೆರೆದು ಗಾಳಿ ಬಿಡಬೇಕು, ಇಲ್ಲದಿದ್ದರೆ ಬಾಟ್ಲಿ ಒಡೆಯುತ್ತದೆ. ಬೆಲ್ಲದ ಅಚ್ಚು ಮೇಜಿನ ಮೇಲೆ ಬಂದದ್ದೇ ತಡ, ಮುಂದಿನ ಸಾಲಿನ ಅಜ್ಜಿಯೊಬ್ಬರು ಕೇಳಿಯೇಬಿಟ್ಟರು: "ಟೀಚರೇ, ಇದು ಪಾಯಸಕ್ಕಾ, ಪಾಯಿಖಾನೆಗಾ?"

ಟೀಚರ್ ನಕ್ಕರು. ಅಜ್ಜಿ ನಗಲಿಲ್ಲ. "ನಮ್ಮಲ್ಲಿ ಮರದಿಂದ ಬಿಂಬುಳಿ ಹುಳಿಕಾಯಿ ರಾಶಿ ಬೀಳ್ತದೆ. ಅದರಲ್ಲಿ ತಿಕ್ಕಿದ್ರೆ ಸಾಕಲ್ವಾ?"

"ಅದು ನಮ್ಮ ಮಾಡ್ಯೂಲಿನಲ್ಲಿ ಇಲ್ಲ ಅಮ್ಮ."

ನೋಡಿ, ಇಡೀ ದಿನದಲ್ಲಿ ಕೆಲಸಕ್ಕೆ ಬರುವ ಮಾತು ಅದೊಂದೇ ಆಗಿತ್ತು, ಅದು ಮಾಡ್ಯೂಲಿನ ಹೊರಗೆ ಬಿತ್ತು. ನಮ್ಮದು ಮುರಕಲ್ಲಿನ ನೆಲ, ಕಬ್ಬಿಣ ತುಂಬಿದ ಮಣ್ಣು. ಬೋರ್‌ವೆಲ್ ನೀರು ಬರುವ ಮನೆಗಳ ಕಕ್ಕಸಿನಲ್ಲಿ ಬೀಳುವುದು ಕೆಂಪು ಕಲೆ. ಸೋಡಾ ಎಷ್ಟು ಉಜ್ಜಿದರೂ ಅದು ಅಲ್ಲಾಡುವುದಿಲ್ಲ. ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲ ಇದೆ, ಅದು ತುಕ್ಕನ್ನು ಹಿಡಿದು ಕರಗಿಸುತ್ತದೆ. ಹಿತ್ತಾಳೆ ದೀಪ, ಕತ್ತಿ ಬೆಳಗಲು ಹಿಂದಿನವರು ಅದನ್ನು ಬಳಸುತ್ತಿದ್ದದ್ದು ಸುಮ್ನೆ ಅಲ್ಲ. ನಾಲ್ಕು ಕಾಯಿ ಜಜ್ಜಿ ಕಲೆಯ ಮೇಲೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ತೆಂಗಿನ ನಾರಿನಲ್ಲಿ ತಿಕ್ಕಿ. ಸಿಮೆಂಟಿನ ಮೇಲೋ ಮಾರ್ಬಲ್ ಮೇಲೋ ಹಚ್ಚಿ ಮರೆತುಬಿಡಬೇಡಿ, ಹುಳಿ ಅದನ್ನೂ ತಿನ್ನುತ್ತದೆ. ಮಳೆಗಾಲದಲ್ಲಿ ಅಂಗಳದ ತುಂಬಾ ಪಾಚಿ ಕಟ್ಟುವ ಊರು ನಮ್ಮದು. ಬಚ್ಚಲಿನ ಲೋಳೆಗೆ ಅಂಟುವಾಳದ ನೊರೆ, ಬಚ್ಚಲು ಒಲೆಯ ಬೂದಿ, ಹಿಡಿಸೂಡಿ ಇಷ್ಟೇ ಸಾಕು. ಇವಕ್ಕೆಲ್ಲ ಇರುವ ಕೊರತೆ ಒಂದೇ, ಬಿಲ್ಲು ಬರುವುದಿಲ್ಲ. ಬಿಲ್ಲಿಲ್ಲದ ವಸ್ತುವಿಗೆ ಯೋಜನೆಯಲ್ಲಿ ಜಾಗವಿಲ್ಲ, ಉದ್ಘಾಟಕರಂತೂ ಸಿಗುವುದೇ ಇಲ್ಲ.

ಆ ದಿನ ಹೇಳಲೇಬೇಕಾಗಿದ್ದ ಮಾತು ಒಂದಿತ್ತು, ಅದನ್ನು ಯಾರೂ ಹೇಳಲಿಲ್ಲ. ಬಾವಿಗೆ ಹಾಕಲೆಂದು ತಂದ ಬ್ಲೀಚಿಂಗ್ ಪೌಡರ್ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇರುತ್ತದೆ. ಅದನ್ನು ಹಾಕಿದ ಕಕ್ಕಸಿಗೆ ವಿನೆಗರನ್ನಾಗಲಿ ಅಂಗಡಿಯ ಆಸಿಡ್ ಕ್ಲೀನರನ್ನಾಗಲಿ ಸುರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಬಾಗಿಲು ಹಾಕಿಕೊಂಡು ತೊಳೆಯುವವರ ಶ್ವಾಸಕೋಶಕ್ಕೇ ಕುತ್ತು. ವಂದನಾರ್ಪಣೆಗೆ ಸಮಯ ಸಿಕ್ಕಿತು, ಇದಕ್ಕೆ ಸಿಗಲಿಲ್ಲ.

ಮುಖ್ಯ ಅತಿಥಿಗಳು ಮಾತ್ರ "ಕೆಮಿಕಲ್ ಎಷ್ಟು ಅಪಾಯ ಅಂತ ಜನರಿಗೆ ತಿಳುವಳಿಕೆ ಇಲ್ಲ" ಅಂತ ತುಂಬಾ ಹೊತ್ತು ಬೇಸರಪಟ್ಟರು. ಕಾಸರಗೋಡಿಗೆ ಬಂದು ಹೇಳುವ ಮಾತಾ ಇದು? ಸರ್ಕಾರದ್ದೇ ನಿಗಮದ ಗೇರು ತೋಟಗಳ ಮೇಲೆ 2000ದ ವರೆಗೆ, ಎರಡು ದಶಕಕ್ಕೂ ಜಾಸ್ತಿ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದ ಜಿಲ್ಲೆ ಇದು. ಆ ವಿಷಕ್ಕೆ ತುತ್ತಾದ ಪಡ್ರೆಯಂಥ ಊರುಗಳ ತಾಯಂದಿರಿಗೆ ತಿಳುವಳಿಕೆ ಕೊಡಲು ಯಾರ ಪವರ್ ಪಾಯಿಂಟೂ ಬೇಕಾಗಿಲ್ಲ. ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. 2022ರಲ್ಲಿ ಅದೇ ಕೋರ್ಟು, ಇನ್ನೂ ಯಾಕೆ ಕೊಟ್ಟಿಲ್ಲ ಅಂತ ಮತ್ತೆ ಸರ್ಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ನಿಂಬೆ ಸಿಪ್ಪೆಗೆ ಮೂರು ತಿಂಗಳು ಅಂದರೆ ಮೂರೇ ತಿಂಗಳು. ಕೊಳೆಯುವುದರಲ್ಲೂ ಅದಕ್ಕೊಂದು ನಿಯತ್ತಿದೆ.

ಊಟದ ಹೊತ್ತಿಗೆ ಹೆಂಗಸರು ಕಕ್ಕಸು ಎಲ್ಲಿ ಅಂತ ಹುಡುಕಿದರು. ಸಭಾಂಗಣದ ಹಿಂದೆ ಎರಡಿದ್ದವು. ಒಂದಕ್ಕೆ ಬೀಗ, ಅತಿಥಿಗಳಿಗೆ ಮೀಸಲು. ಅದರ ಕೀ ಇದ್ದವರು ಅತಿಥಿಗಳನ್ನು ಕಾರಿನ ತನಕ ಬಿಡಲು ಹೋಗಿದ್ದರು. ಇನ್ನೊಂದು ತೆರೆದೇ ಇತ್ತು, ನೀರಿರಲಿಲ್ಲ. ಗೋಡೆಯ ಮೇಲೆ ಮಾತ್ರ ಹೊಸ ಪೋಸ್ಟರ್, ಶೌಚಾಲಯ ಬಳಸಿದ ಮೇಲೆ ಧಾರಾಳ ನೀರು ಹಾಕಿ ಅಂತ. ಕೊನೆಗೆ ಆ ಅಜ್ಜಿ ನಾಲ್ಕು ಜನರನ್ನು ಕರೆದುಕೊಂಡು ರಸ್ತೆಯಾಚೆಯ ತನ್ನ ನೆಂಟರ ಮನೆಗೆ ಹೋದರು. ತರಬೇತಿಯ ಮಧ್ಯಾಹ್ನದ ಅವಧಿಗೆ ಆ ಐವರೂ ಗೈರುಹಾಜರು ಅಂತ ರಿಜಿಸ್ಟರಿನಲ್ಲಿ ದಾಖಲಾಗಿದೆ. ಸರ್ಟಿಫಿಕೇಟು ಸಿಗಲಿಕ್ಕಿಲ್ಲ.

ಅಂದು ಕಲಸಿದ ಬಯೋ ಎಂಜೈಮಿನ ಮಾದರಿ ಬಾಟ್ಲಿಯನ್ನು ಮಾತ್ರ ಪಂಚಾಯತು ಬಹಳ ಜೋಪಾನ ಮಾಡಿತು. ಸೀಲು ಹಾಕಿ, ದಾಸ್ತಾನು ಪುಸ್ತಕದಲ್ಲಿ ಬರೆದು, ಕಪಾಟಿನಲ್ಲಿಟ್ಟು ಬೀಗ ಹಾಕಿದರು. ದಿನಾ ಮುಚ್ಚಳ ತೆರೆಯುವ ಕೆಲಸ ಯಾವ ಸೆಕ್ಷನ್‌ನದ್ದು ಅಂತ ಪ್ರಶ್ನೆ ಎದ್ದಿತು. ಆರೋಗ್ಯ ವಿಭಾಗದವರು ಇದು ತರಬೇತಿ ಸಾಮಗ್ರಿ ಅಂದರು. ತರಬೇತಿಯವರು ಇದು ಈಗ ಕಚೇರಿ ಆಸ್ತಿ ಅಂದರು. ಸ್ಪಷ್ಟೀಕರಣ ಕೇಳಿ ಮೇಲಕ್ಕೆ ಕಾಗದ ಹೋಯಿತು. ಕಾಗದ ವಾಪಸು ಬರುವ ಮೊದಲೇ ಬಾಟ್ಲಿ ಢಂ ಅಂತ ಒಡೆದು, ಕಟ್ಟಡ ತೆರಿಗೆಯ ಕಡತಗಳ ಮೇಲೆ ಕಿತ್ತಳೆ ಸಿಪ್ಪೆಯ ಅಭಿಷೇಕವಾಯಿತು. ಇರುವೆ ಮುತ್ತಿತು. ಗುಡಿಸುವ ಅಕ್ಕ ಬಂದು ಎರಡು ಬಾಟ್ಲಿ ಫಿನಾಯಿಲ್ ತರಿಸಿ ಒರೆಸಿದರು. ಅದರ ಬಿಲ್ಲನ್ನು ನೈಸರ್ಗಿಕ ದ್ರಾವಣ ಯೋಜನೆಯ ಲೆಕ್ಕಕ್ಕೇ ಹಾಕಿದ್ದಾರೆ, ಆಡಿಟ್‌ನವರೂ ಆಕ್ಷೇಪ ಎತ್ತಿಲ್ಲ.